ಬಾರ್ಬಾತೆಯೋ, ಬೆಹೆರೋ?

ದಕ್ಷಿಣ ಸ್ಪೇನಿನ ಕಾದಿಸ್ ಪ್ರಾಂತ್ಯದಲ್ಲಿ ಒಂದೇ ದಿನ ಸಿಕ್ಕಿದರೆ ಎಲ್ಲಿಗೆ ಹೋಗುವುದು? ಏಪ್ರಿಲ್‌ನಿಂದ ಜೂನ್‌ ನಡುವೆಯಾದರೆ ಕಣ್ಣುಮುಚ್ಚಿಕೊಂಡು ಬಾರ್ಬಾತೆಗೆ ಹೋಗಿ. ಮೊಟ್ಟೆಯಿಡಲು ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಹೊರಟ ಭಾರಿ ಟ್ಯೂನಾ ಮೀನುಗಳನ್ನು ದಡದ ಸಮೀಪ ಬಲೆಗಳ ಚಕ್ರವ್ಯೂಹ ಕಟ್ಟಿ ಹಿಡಿಯುವ ‘ಅಲ್ಮದ್ರಾಬಾ’ ನಡೆಯುವುದು ಆಗಲೇ. ಊರು ನೋಡಲು ಸಾದಾ, ನಾಲಿಗೆಗೆ ಮಾತ್ರ ಹಬ್ಬ. ಉಪ್ಪು ಹಾಕಿ ಒಣಗಿಸಿದ ಟ್ಯೂನಾಕ್ಕೆ ಅಲ್ಲಿ ‘ಮೊಹಾಮಾ’ ಎನ್ನುತ್ತಾರೆ. ಕಡುಗೆಂಪು ಬಣ್ಣದ ಅದನ್ನು ತೆಳ್ಳಗೆ ಕೊಯ್ದು, ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಬಿಡಬೇಡಿ.

ಬೆಹೆರ್ ಅಲ್ಲಿಂದ ಸುಮಾರು 10 ಕಿಲೋಮೀಟರ್, 200 ಮೀಟರ್‌ನಷ್ಟು ಎತ್ತರದ ಗುಡ್ಡದ ಮೇಲೆ. ಸುಣ್ಣ ಬಳಿದ ಗೋಡೆಗಳು, ಹಳೇ ಕೋಟೆ, ಚೌಕದ ಕಾರಂಜಿಯಲ್ಲಿ ಪಿಂಗಾಣಿ ಕಪ್ಪೆಗಳು. ಕಣ್ಣಿಗೆ ಇದೇ ಚೆಂದ. ಆದರೆ ಓಣಿಗಳೆಲ್ಲ ಕಡಿದಾದ ಏರು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಬಾರ್ಬಾತೆಯ ಸಮತಟ್ಟಾದ ಕಡಲದಂಡೆಯೇ ವಾಸಿ.