ಟ್ವೈನ್‌ನ ಶುಗರ್‌ಕ್ಯೂಬ್: ತುಳು ಬೆರೆತ ಕನ್ನಡ ಕಥೆಗೆ ಆಗುತ್ತದೆಯೇ?

ಓದುಗರು ಆರಿಸಿದ ದಾರಿಯಲ್ಲೇ ಮುಂದೆ ಸಾಗುವ ಕಥೆ ಕಟ್ಟಲು ಟ್ವೈನ್ ಸಾಕು. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ. ಲಿನಕ್ಸ್‌ನಲ್ಲೂ ನಡೆಯುವುದರಿಂದ ಕಾಸರಗೋಡಿನ ಕನ್ನಡ ಶಾಲೆಗಳ ಐಟಿ ಲ್ಯಾಬಿಗೂ ಹೊಂದುತ್ತದೆ.

ಹೊಸ ಕಥೆ ತೆರೆದರೆ ತಾನಾಗಿ ಬರುವ ಫಾರ್ಮ್ಯಾಟ್ (ಕಥೆ ಹೇಗೆ ನಡೆಯಬೇಕೆಂದು ನಿರ್ಧರಿಸುವ ಚೌಕಟ್ಟು) ಹಾರ್ಲೋ. ಕಲಿಯಲು ಅದು ಸುಲಭ, ಆದರೆ ಸಿದ್ಧ ಸೆಟ್ಟಿಂಗ್ಸ್ ಮೆನು ಅದರಲ್ಲಿಲ್ಲ. ನಮ್ಮ ಕಡೆಯ ಕಥೆಗೆ ಆ ಮೆನು ಬೇಕೇ ಬೇಕು. ‘ಬಲೆ, ಕುಲ್ಲುಲೆ’ ಎಂದು ಅಜ್ಜಿ ತುಳುವಿನಲ್ಲಿ ಕರೆದರೆ ಮಂಜೇಶ್ವರದವರಿಗೆ ಅರ್ಥ ಹೇಳಬೇಕಾಗಿಲ್ಲ, ಧಾರವಾಡದವರಿಗೆ ‘ಬನ್ನಿ, ಕುಳಿತುಕೊಳ್ಳಿ’ ಎಂದು ಪಕ್ಕದಲ್ಲೇ ಕಾಣಬೇಕು. ಅರ್ಥ ಬೇಕೋ ಬೇಡವೋ ಎಂದು ಓದುಗರೇ ಮೆನುವಿನಲ್ಲಿ ಆರಿಸಿಕೊಳ್ಳಲಿ. ಇದಕ್ಕೆ ಶುಗರ್‌ಕ್ಯೂಬ್ ಎಂಬ ಫಾರ್ಮ್ಯಾಟ್ ಸರಿಯಾದ ಆಯ್ಕೆ. ಸ್ಟೋರಿ ಟ್ಯಾಬಿನ ಡೀಟೇಲ್ಸ್‌ನಲ್ಲಿ ಫಾರ್ಮ್ಯಾಟ್ ಬದಲಿಸಿ, ಅದೂ ಬರೆಯಲು ಕೂರುವ ಮೊದಲೇ. ಎರಡರ ಮ್ಯಾಕ್ರೋ (ಕಥೆಯೊಳಗೆ ಹಾಕುವ ಆದೇಶ) ಬರೆಯುವ ರೀತಿ ಬೇರೆ, ಆಮೇಲೆ ಬದಲಿಸಿದರೆ ಎಲ್ಲವನ್ನೂ ತಿದ್ದಬೇಕು.

ಸ್ಟೋರಿ ಟ್ಯಾಬಿನಲ್ಲೇ ಇರುವ ಜಾವಾಸ್ಕ್ರಿಪ್ಟ್ ಪುಟದಲ್ಲಿ ‘ಸೆಟ್ಟಿಂಗ್.ಆ್ಯಡ್‌ಟಾಗಲ್’ (Setting.addToggle, ಆನ್-ಆಫ್ ಗುಂಡಿ ಸೇರಿಸುವ ಆದೇಶ) ಬರೆದು ಹೆಸರು, ಲೇಬಲ್, ಡಿಫಾಲ್ಟ್ (ಮೊದಲಿಗೆ ಇರುವ ಆಯ್ಕೆ) ಕೊಟ್ಟರೆ ಪಕ್ಕದ ಪಟ್ಟಿಯಲ್ಲಿ ಸೆಟ್ಟಿಂಗ್ಸ್ ಗುಂಡಿ ತಾನಾಗಿ ಮೂಡುತ್ತದೆ. ಲೇಬಲ್ ಕನ್ನಡದಲ್ಲಿರಬಹುದು. ಒಳಗಿನ ಹೆಸರು, ವೇರಿಯೇಬಲ್ (ಬದಲಾಗುವ ಲೆಕ್ಕ, ಮಾಹಿತಿ ಇಡುವ ಜಾಗ) ಮತ್ತು ಮ್ಯಾಕ್ರೋ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕನ್ನಡದಲ್ಲಿ ಬರೆದ ವೇರಿಯೇಬಲನ್ನು ಶುಗರ್‌ಕ್ಯೂಬ್ ಗುರುತಿಸುವುದಿಲ್ಲ. ಪ್ರತಿ ತುಳು ಮಾತಿಗೂ ಷರತ್ತು ಹೇಳುವ ‘ಇಫ್’ ಹಾಕುತ್ತಾ ಕೂರಬೇಡಿ. ‘ವಿಜೆಟ್’ ಟ್ಯಾಗ್ ಇರುವ ಒಂದು ಪ್ಯಾಸೇಜಿನಲ್ಲಿ (ಟ್ವೈನ್ ಕಥೆಯ ಒಂದು ಪುಟ) ಸ್ವಂತ ಮ್ಯಾಕ್ರೋ ಬರೆದಿಟ್ಟರೆ, ತುಳು ಮಾತು, ಅದರ ಅರ್ಥ ಎರಡನ್ನೂ ಅದಕ್ಕೆ ಕೊಟ್ಟು ಬೇಕಾದಲ್ಲೆಲ್ಲ ಕರೆಯಬಹುದು.

ಎಡವುವುದು ಇಲ್ಲಿ. ಟಾಗಲ್ ಒತ್ತಿದರೂ ತೆರೆದಿರುವ ಪುಟ ಬದಲಾಗುವುದಿಲ್ಲ. ಅದಕ್ಕೆ ಟಾಗಲ್ ಬದಲಾದಾಗ ನಡೆಯುವ ‘ಆನ್‌ಚೇಂಜ್’ನಲ್ಲಿ ‘ಎಂಜಿನ್.ಶೋ’ ಹಾಕುತ್ತಾರೆ. ಆಗ ಪುಟ ಮತ್ತೆ ಮೊದಲಿನಿಂದ ಓಡುತ್ತದೆ, ಅದರೊಳಗೆ ವೇರಿಯೇಬಲ್ ಬದಲಿಸುವ ‘ಸೆಟ್’ ಮ್ಯಾಕ್ರೋಗಳೂ ಸೇರಿ. ಕುಂಬಳೆಯಲ್ಲಿ ಬಸ್ಸು ಹತ್ತಿದವನ ಜೇಬಿನ 100 ರೂಪಾಯಿಯಲ್ಲಿ ಟಿಕೆಟಿನ 20 ಕಳೆದು 80 ಉಳಿದಿದ್ದರೆ, ಅರ್ಥ ನೋಡಲು ಟಾಗಲ್ ಒತ್ತಿದ್ದೇ ತಡ 60 ಆಗುತ್ತದೆ! ಲೆಕ್ಕವನ್ನು ಪುಟದೊಳಗೆ ಇಡದೆ, ಆ ಪುಟಕ್ಕೆ ಕರೆತರುವ ಲಿಂಕಿನ ಎರಡನೇ ಚೌಕಾವರಣದಲ್ಲಿ, [[ಪುಟ][ಲೆಕ್ಕ]] ಎಂಬಂತೆ, ಇಡಿ. ಲಿಂಕ್ ಒತ್ತಿದಾಗ ಒಮ್ಮೆ ಮಾತ್ರ ಕಳೆಯುತ್ತದೆ.

ಸೆಟ್ಟಿಂಗ್ ಬ್ರೌಸರಿನಲ್ಲಿ ಬೇರೆಯಾಗಿ ಉಳಿಯುತ್ತದೆ, ಕಥೆ ರೀಸ್ಟಾರ್ಟ್ ಮಾಡಿದರೂ ಅಳಿಯುವುದಿಲ್ಲ. ಅಕ್ಷರದ ಗಾತ್ರ, ಅರ್ಥ ತೋರಿಸುವುದು ಇವೆಲ್ಲ ಅಲ್ಲಿರಲಿ. ಹಣ, ಕೀಲಿಕೈ, ಅಜ್ಜಿಯ ಸಿಟ್ಟು ವೇರಿಯೇಬಲಿನಲ್ಲಿರಲಿ.

ಕನ್ನಡಕ್ಕೇ ಅಂಟಿದ ಇನ್ನೊಂದು ತೊಂದರೆ ಇದೆ. ಪ್ಯಾಸೇಜಿಗೆ ‘ಬೆಳಗಿನ ಬಸ್’ ಎಂದು ಹೆಸರಿಟ್ಟು ಅದಕ್ಕೆ ಲಿಂಕ್ ಕೊಟ್ಟರೂ ನಕ್ಷೆಯಲ್ಲಿ ಅದೇ ಹೆಸರಿನ ಇನ್ನೊಂದು ಖಾಲಿ ಚೌಕ ಹುಟ್ಟಬಹುದು. ‘ಸ್’ ಆದ ಮೇಲೆ ಕೀಲಿಮಣೆ ಒಂದು ಕಡೆ ಕಣ್ಣಿಗೆ ಕಾಣದ ಅಕ್ಷರ ಸೇರಿಸಿ, ಇನ್ನೊಂದು ಕಡೆ ಬಿಟ್ಟಿರುತ್ತದೆ. ನಮಗೆ ಒಂದೇ ಹೆಸರು, ಟ್ವೈನಿಗೆ ಎರಡು. ಲಿಂಕಿನ ಹೆಸರನ್ನು ಮತ್ತೆ ಟೈಪ್ ಮಾಡದೆ ಕಾಪಿ ಮಾಡಿ, ಅಥವಾ ಅರ್ಧಾಕ್ಷರದಲ್ಲಿ ಮುಗಿಯದ ಹೆಸರು ಇಡಿ.

ಬ್ರೌಸರಿನಲ್ಲೇ ಬರೆಯುವವರು ದಿನದ ಕೆಲಸ ಮುಗಿದೊಡನೆ ಲೈಬ್ರರಿ ಟ್ಯಾಬಿನ ಆರ್ಕೈವ್ ಒತ್ತಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಕಥೆಯೂ ಅದರೊಂದಿಗೇ ಹೋಗುತ್ತದೆ.