ಜಿಎಸ್‌ಟಿ ಲೆಕ್ಕ ಹೊರಗೆ ಕೊಟ್ಟು ಮೂರು ವರ್ಷ: ಉಪ್ಪಿನಕಾಯಿ ಮಾಡುವವಳ ಅನುಭವ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ನಾನು, ನಮ್ಮನೆಯವರು, ಸೀಸನ್ನಿನಲ್ಲಿ ಕೈಗೂಡಿಸುವ ನಾಲ್ಕು ಹೆಂಗಸರು, ಇಷ್ಟೇ ಜನ. ಮೂರು ವರ್ಷದಿಂದ ಲೆಕ್ಕಪತ್ರದ ಕೆಲಸ ಹೊರಗೆ ಕೊಟ್ಟಿದ್ದೇನೆ. ಈಗ ತಿಂಗಳಿಗೆ 1,500 ರೂಪಾಯಿ ಕೊಡುತ್ತಿದ್ದೇನೆ.

ಇಷ್ಟು ಸಣ್ಣ ವ್ಯಾಪಾರಕ್ಕೆ ಜಿಎಸ್‌ಟಿ ಯಾಕೆ ಅಂತ ತುಂಬ ಜನ ಕೇಳುತ್ತಾರೆ. ರಾಜ್ಯದ ಒಳಗೇ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ, ನಿಜ. ಆದರೆ ನಮ್ಮ ಬಾಟಲಿಗಳು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುತ್ತವೆ. ಹೊರರಾಜ್ಯಕ್ಕೆ ಮಾರಬೇಕಾದರೆ ವ್ಯಾಪಾರ ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕು. ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್ ಸುಲಭ, ಆದರೆ ಅದರಲ್ಲಿದ್ದು ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ. ಹಾಗಾಗಿ ಮೂರು ತಿಂಗಳಿಗೊಮ್ಮೆ 13ಕ್ಕೆ ಮಾರಾಟದ ವಿವರ ಕೊಡುವ ಒಂದು ರಿಟರ್ನ್, 22ಕ್ಕೆ ತೆರಿಗೆ ಲೆಕ್ಕದ ಇನ್ನೊಂದು. ನಡುವಿನ ತಿಂಗಳುಗಳಲ್ಲಿ 25ರೊಳಗೆ ಚಲನ್ ಮೂಲಕ ತೆರಿಗೆ ಕಟ್ಟಬೇಕು. ಹಪ್ಪಳಕ್ಕೆ ತೆರಿಗೆಯಿಲ್ಲ, ಉಪ್ಪಿನಕಾಯಿಗೆ ಇದೆ. ಎರಡನ್ನೂ ಬೇರೆ ಬೇರೆ ಬರೆಯಬೇಕು.

ಮೊದಲ ವರ್ಷ ಇದನ್ನೆಲ್ಲ ನಾನೇ ಮಾಡಿದೆ. ಏಪ್ರಿಲ್ ಬಂದಾಗ ಸೋತುಹೋದೆ. ರಿಟರ್ನ್ ತುಂಬುವುದೂ ಆಗಲೇ, ಕೊನೆಯ ಮಿಡಿ ಬರುವುದೂ ಆಗಲೇ. ಮಿಡಿ ಕಾಯುವುದಿಲ್ಲ. ಮರದಿಂದ ಇಳಿಸಿದ ಕೂಡಲೇ ತೊಟ್ಟು ಸ್ವಲ್ಪ ಬಿಟ್ಟು, ಸೊನೆ ಹೋಗದ ಹಾಗೆ ತೊಳೆದು ಉಪ್ಪಿಗೆ ಹಾಕಬೇಕು. ಬಾಡಿದರೆ ಮುಗಿಯಿತು, ಆಮೇಲೆ ಕಚ್ಚಿದಾಗ ಕರುಂ ಅನ್ನುವುದಿಲ್ಲ. ಒಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಎರಡು ಬುಟ್ಟಿ ಮಿಡಿ ಹಾಳು ಮಾಡಿಕೊಂಡೆ. ಮರುದಿನವೇ ಲೆಕ್ಕ ಬರೆಯುವವರನ್ನು ಹುಡುಕಲು ಶುರುಮಾಡಿದೆ.

ಮೊದಲು ಸಿಕ್ಕವರು ಕೆಲಸದಲ್ಲಿ ಚುರುಕಾಗಿದ್ದರು. ಬಂದ ವಾರವೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ನನ್ನ ಮೊಬೈಲ್ ನಂಬರ್ ತೆಗೆದು ತಮ್ಮದು ಹಾಕಿಕೊಂಡರು. "ಒಟಿಪಿಗೆ ನಿಮಗೆ ಪದೇ ಪದೇ ತೊಂದರೆ ಕೊಡೋದು ಬೇಡ ಅಲ್ವಾ ಮೇಡಂ" ಅಂದರು. ನನಗೂ ಸರಿ ಅನ್ನಿಸಿತು. ಒಂಬತ್ತು ತಿಂಗಳಾದ ಮೇಲೆ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಲಾಗಿನ್ ಆಗೋಣ ಅಂದರೆ ಪಾಸ್‌ವರ್ಡ್ ಅವರ ಹತ್ತಿರ, ಒಟಿಪಿಯೂ ಅವರ ಫೋನಿಗೆ. ನಮ್ಮ ಮನೆ ಬೀಗದ ಕೈ ಬೇರೆಯವರ ಜೇಬಿನಲ್ಲಿತ್ತು. ಪ್ಯಾನ್, ಗುರುತಿನ ಚೀಟಿ, ನೋಂದಣಿ ಕಾಗದ ಹಿಡಿದು ತೆರಿಗೆ ಅಧಿಕಾರಿಯ ಹತ್ತಿರ ಹೋಗಿ ನಂಬರ್ ಬದಲಾಯಿಸಿಕೊಂಡು ಬಂದೆವು. ಅಷ್ಟರಲ್ಲಿ ದಿನಕ್ಕೆ 50 ರೂಪಾಯಿಯಂತೆ ಲೇಟ್ ಫೀ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ ಲೆಕ್ಕ ಓಡುತ್ತಿತ್ತು.

ಈಗಿನ ಅಕೌಂಟೆಂಟ್ ಮೇಡಂ ಜೊತೆ ಎರಡು ವರ್ಷದ ಮೇಲಾಯಿತು. ಒಟಿಪಿ ನನ್ನ ಫೋನಿಗೇ ಬರುತ್ತದೆ. ಅವರು ಕೇಳುತ್ತಾರೆ, ಎಷ್ಟು ಕಟ್ಟಬೇಕು ಅಂತ ನೋಡಿಕೊಂಡು ಹೇಳುತ್ತೇನೆ. ಎರಡು ನಿಮಿಷದ ಕೆಲಸ. ಪ್ರತಿ ತಿಂಗಳು 5ರೊಳಗೆ ಬಿಲ್‌ಗಳ ಫೋಟೋ ಕಳಿಸುತ್ತೇನೆ. ಗಾಜಿನ ಬಾಟಲಿಗೆ ನಾವು ಶೇ 18 ತೆರಿಗೆ ಕೊಟ್ಟಿರುತ್ತೇವೆ. ಅದರ ಕ್ರೆಡಿಟ್ ಸಿಗಬೇಕಾದರೆ, ಅಂದರೆ ನಾವು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬೇಕಾದರೆ, ಬಾಟಲಿ ಮಾರಿದವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿರಬೇಕು. ಒಮ್ಮೆ ಅಂಗಡಿಯವರು ಅದನ್ನು ಬಿಟ್ಟುಬಿಟ್ಟಿದ್ದರು. "ಅಕ್ಕಾ, ಈ ಬಿಲ್ 2ಬಿಯಲ್ಲಿ (ನಮಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಲ್ಲಿ) ಬಂದಿಲ್ಲ, ಅಂಗಡಿಗೆ ಫೋನ್ ಮಾಡಿ" ಅಂತ ಮೇಡಂ ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಉಪ್ಪಿನಕಾಯಿ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಆಗಲೂ ವಾರ ಮೊದಲೇ ಫೋನ್ ಮಾಡಿ ಬಿಲ್ಲಿಂಗ್‌ನಲ್ಲಿ ದರ ಬದಲಾವಣೆ ಮಾಡಿಸಿದರು.

ಕೊರತೆಯೂ ಇದೆ. ಜುಲೈನಲ್ಲಿ ಎಲ್ಲರ ಆದಾಯ ತೆರಿಗೆ ಕೆಲಸ ಒಟ್ಟಿಗೆ ಬರುತ್ತದೆ, ಆಗ ಮೆಸೇಜಿಗೆ ಉತ್ತರ ಬರಲು ಎರಡು ದಿನ ಬೇಕು. ಆಹಾರದ ಲೈಸೆನ್ಸ್, ಲೇಬಲ್ ಬಗ್ಗೆ ಅವರನ್ನು ಕೇಳಿ ಪ್ರಯೋಜನವಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಕೊರಿಯರ್‌ನವರು ಮನೆಗೇ ಬಂದು ಪಾರ್ಸೆಲ್ ತೆಗೆದುಕೊಂಡು ಹೋಗುತ್ತಾರೆ, ಅದರ ಬಗ್ಗೆ ಹೇಳುವುದೇನೂ ಇಲ್ಲ. ಆದರೆ ಗಿರಾಕಿಗಳ ವಾಟ್ಸ್‌ಆ್ಯಪ್‌ಗೆ ಉತ್ತರಿಸುವ ಕೆಲಸವನ್ನೂ ಒಬ್ಬರಿಗೆ ಕೊಟ್ಟಿದ್ದೆ, ಮೂರೇ ತಿಂಗಳಿಗೆ ವಾಪಸ್ ತೆಗೆದುಕೊಂಡೆ. ಪುಣೆಯ ಅಜ್ಜಿಯೊಬ್ಬರು "ರಸದ ಮೇಲೆ ಬಿಳಿ ಪೊರೆ ಕಟ್ಟಿದೆ, ಯಾಕಮ್ಮ?" ಅಂತ ಕೇಳಿದ್ದರು. ನಮ್ಮ ಉಪ್ಪಿನಕಾಯಿಗೆ ಎಣ್ಣೆ ಹಾಕುವುದಿಲ್ಲ. ಒದ್ದೆ ಚಮಚ ತಾಗಿದರೂ ಹಾಗಾಗುತ್ತದೆ, ಮಿಡಿ ರಸದಿಂದ ಮೇಲೆ ಬಂದರೂ ಆಗುತ್ತದೆ. ಅವರಿಗೆ ಹೋದ ಉತ್ತರ: "ತೊಂದರೆಗೆ ಕ್ಷಮಿಸಿ, ಹಣ ಮರಳಿಸಲಾಗುವುದು." ಅಜ್ಜಿ ನನಗೇ ಫೋನ್ ಮಾಡಿದರು. "ದುಡ್ಡು ಯಾರು ಕೇಳಿದರು, ಏನಾಯ್ತು ಅಂತ ಹೇಳು" ಅಂದರು. ಅರ್ಧ ಗಂಟೆ ಮಾತಾಡಿ ಬೇರೆ ಬಾಟಲಿ ಕಳಿಸಿಕೊಟ್ಟೆ. ಈಗಲೂ ಪ್ರತಿ ಮೇ ತಿಂಗಳಲ್ಲಿ ಹಪ್ಪಳ ತರಿಸಿಕೊಳ್ಳುತ್ತಾರೆ.

ನೀವೂ ಲೆಕ್ಕ ಹೊರಗೆ ಕೊಡುವುದಾದರೆ ಪೋರ್ಟಲ್‌ನಲ್ಲಿ ನಿಮ್ಮ ನಂಬರ್, ನಿಮ್ಮ ಇಮೇಲ್ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ರಿಟರ್ನ್ ಫೈಲ್ ಆದ ದಿನವೇ ಎಆರ್‌ಎನ್ ನಂಬರ್ (ಫೈಲ್ ಆಗಿದ್ದಕ್ಕೆ ಸಿಗುವ ಸ್ವೀಕೃತಿ ಸಂಖ್ಯೆ) ಕೇಳಿ ಪಡೆಯಿರಿ. ನಾನು ಅದನ್ನು ಮಿಡಿ ಲೆಕ್ಕ ಬರೆಯುವ ನೋಟ್‌ಬುಕ್ಕಿನಲ್ಲೇ ಬರೆದಿಡುತ್ತೇನೆ. ಬರುವ ಏಪ್ರಿಲ್‌ನಿಂದ ಮೇಡಂ 1,800 ಕೇಳಿದ್ದಾರೆ. ಹೂಂ ಅಂದಿದ್ದೇನೆ.