ಆಪ್ಟ್‌ನಲ್ಲಿ ಸಿಕ್ಕ ಹೆಸರನ್ನು ಹಾಗೇ ಪಿಪ್‌ಗೆ ಕೊಡಬೇಡಿ

ಮೊದಲು ವಿಷಯ ಹೇಳಿಬಿಡ್ತೀನಿ, ವಿವರ ಆಮೇಲೆ. ಉಬುಂಟು ಅಥವಾ ಡೆಬಿಯನ್ ಲಿನಕ್ಸ್‌ನಲ್ಲಿ ಪ್ರೋಗ್ರಾಂ ಹುಡುಕಿ ಹಾಕೋ ಟೂಲ್ ಆಪ್ಟ್, ಅದರಲ್ಲಿ ‘ಆಪ್ಟ್ ಸರ್ಚ್’ ಕೊಟ್ಟಾಗ ‘ಪೈಥಾನ್3-’ ಅಂತ ಶುರುವಾಗೋ ಹೆಸರುಗಳು ಬರ್ತವಲ್ಲ, ಅವನ್ನು ಕಾಪಿ ಮಾಡಿ ಪೈಥಾನ್ ಲೈಬ್ರರಿ ಇಳಿಸಿ ಹಾಕೋ ‘ಪಿಪ್ ಇನ್‌ಸ್ಟಾಲ್’ ಕಮಾಂಡ್ ಮುಂದೆ ಹಾಕಬೇಡಿ. ಆಪ್ಟ್‌ನ ಪಟ್ಟಿಗೂ, ಪಿಪ್ ಲೈಬ್ರರಿ ತರೋ ಪೈಪಿಐ ಭಂಡಾರಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಡೆಬಿಯನ್ ತಂಡ ನೋಡಿಕೊಳ್ಳುವ ಹೆಸರನ್ನು ಇಲ್ಲಿ ಯಾರು ಬೇಕಾದರೂ ಬರೆಸಿಕೊಂಡು ಕೂತಿರಬಹುದು. ನನಗೆ ಸಿಕ್ಕವನು ಹಾಗೇ ಕೂತಿದ್ದ. ಕ್ಲೌಡ್ ಕೀ, ಡೇಟಾಬೇಸ್ ಪಾಸ್‌ವರ್ಡ್, ಗಿಟ್ ಟೋಕನ್, ಮೂರೂ ಒಂದೇ ಕಮಾಂಡ್‌ನಲ್ಲಿ ಹೋದವು.

ಇದರಲ್ಲಿ ಬೀಳೋದು ಎಷ್ಟು ಸುಲಭ ಅಂತ ಗೊತ್ತಾಗಲಿ ಅಂತಲೇ ಬರೀತಿದ್ದೀನಿ. ‘ಪಿಪ್ ಸರ್ಚ್’ 2020ರ ಡಿಸೆಂಬರ್‌ನಿಂದ ಕೆಲಸ ಮಾಡಲ್ಲ. ಸರ್ವರ್ ಮೇಲಿನ ಹೊರೆ ತಡೆಯೋಕಾಗದೆ ಪೈಪಿಐ ಅದನ್ನು ನಿಲ್ಲಿಸಿತು. ಈಗ ಕೊಟ್ಟರೆ ಎರರ್ ಬರುತ್ತೆ ಅಷ್ಟೆ. ಹಾಗಾಗಿ ಟರ್ಮಿನಲ್ ಬಿಟ್ಟು ಏಳದವರು ಹೆಸರು ಹುಡುಕೋಕೆ ಆಪ್ಟ್ ಸರ್ಚ್ ಕಡೆ ಹೋಗ್ತಾರೆ. ಅದರ ಜೊತೆಗೆ ಉಬುಂಟು 23.04, ಡೆಬಿಯನ್ 12ರಿಂದ ಈಚೆಗೆ ಸಿಸ್ಟಂ ಪೈಥಾನ್ ಒಳಗೆ ಪಿಪ್ ಓಡಿಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ತಡೆಯುತ್ತೆ, ‘ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಎಕ್ಸ್‌ವೈಝೆಡ್ ಪ್ರಯತ್ನಿಸಿ, ಇಲ್ಲಾಂದ್ರೆ ವೆನ್ವ್ ಮಾಡಿಕೊಳ್ಳಿ’ ಅನ್ನುತ್ತೆ. ವೆನ್ವ್ ಅಂದರೆ ಒಂದು ಪ್ರಾಜೆಕ್ಟಿಗೆಂದೇ ಬೇರೆ ಇಡೋ ಪೈಥಾನ್ ಜಾಗ. ಕಣ್ಣಲ್ಲಿ ಉಳಿಯೋದು ಆ ‘ಪೈಥಾನ್3-’ ಹೆಸರು. ಕೈ ಮಾಡೋದು ವೆನ್ವ್. ವೆನ್ವ್ ಒಳಗೆ ಹೋಗಿ ಅದೇ ಹೆಸರು ಟೈಪ್ ಮಾಡೋದು. ಆಯ್ತು, ಕಥೆ ಮುಗೀತು.

ಆ ಹೊತ್ತಿಗೆ ಪರದೆ ಮೇಲೆ ಬಂದ ಸಾಲುಗಳನ್ನು ಈಗ ಮತ್ತೆ ಮತ್ತೆ ನೋಡ್ತೀನಿ. ‘ಡೌನ್‌ಲೋಡಿಂಗ್’ ಅಂದ ಮೇಲೆ ಫೈಲ್ ಹೆಸರು, ಕೊನೆಗೆ ‘ಟಾರ್ ಡಾಟ್ ಜಿಝೆಡ್’, ಪಕ್ಕದಲ್ಲಿ 1.3 ಕೆಬಿ. ಚಿತ್ರ ಓದಿ ಅಕ್ಷರ ತೆಗೆಯಬೇಕಾದ ಲೈಬ್ರರಿ 1.3 ಕೆಬಿ! ಅಲ್ಲೇ ನಿಲ್ಲಬೇಕಿತ್ತು. ಕೆಳಗೆ ‘ಬಿಲ್ಡಿಂಗ್ ವೀಲ್’. ಜನ ಬಳಸುವ ಲೈಬ್ರರಿಗಳು ಸಾಮಾನ್ಯವಾಗಿ ವೀಲ್ ಅನ್ನೋ ಸಿದ್ಧ ಪ್ಯಾಕೇಜ್ ಆಗಿಯೇ ಬರ್ತವೆ, ನಮ್ಮ ಮೆಷಿನ್‌ನಲ್ಲಿ ಬಿಲ್ಡ್ ಆಗೋ ಅಗತ್ಯ ಇರಲ್ಲ. ಇದು ಆಗ್ತಿತ್ತು. ಕೊನೆಗೆ ‘ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್’. ಇಂಪೋರ್ಟ್ ಕೊಟ್ಟರೆ ‘ಅಂಥ ಮಾಡ್ಯೂಲ್ ಇಲ್ಲ’. ಇನ್‌ಸ್ಟಾಲ್ ಆಗಿದೆ, ಮಾಡ್ಯೂಲ್ ಇಲ್ಲ. ಆ ಎರಡು ಸಾಲು ಒಂದರ ಕೆಳಗೊಂದು ಕಂಡಾಗಲೇ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು.

ಬಿಚ್ಚಿ ನೋಡಿದರೆ ಒಳಗೆ, ಇನ್‌ಸ್ಟಾಲ್ ಹೊತ್ತಿಗೆ ಓಡೋ ‘ಸೆಟಪ್ ಡಾಟ್ ಪೈ’ ಫೈಲ್ ಒಂದರಲ್ಲಿ ಮಾತ್ರ ಕೋಡ್. ಅದರಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೆಲ್ಲ (ಶೆಲ್ ತನ್ನಲ್ಲಿ ಇಟ್ಟುಕೊಂಡಿರೋ ಸೆಟ್ಟಿಂಗ್‌ಗಳು) ಒಟ್ಟು ಮಾಡಿ, ಬೇಸ್64 ಅನ್ನೋ ಅಕ್ಷರರೂಪಕ್ಕೆ ಬದಲಿಸಿ, ಹೊರಗಿನ ಒಂದು ವಿಳಾಸಕ್ಕೆ ಪೋಸ್ಟ್ ಮಾಡೋ ಕೋಡ್. ಪ್ರಾಜೆಕ್ಟಿನ ಎನ್ವ್ ಫೈಲನ್ನು ಅದೇ ಶೆಲ್‌ಗೆ ಲೋಡ್ ಮಾಡಿ ಇಟ್ಟಿದ್ದರಿಂದ ಕೀಗಳು ಅಲ್ಲೇ ಇದ್ದವು.

ಪ್ಯಾಕೇಜಿನಲ್ಲಿ ಹಾಕಿದ್ದ ಮೇಲ್ ವಿಳಾಸಕ್ಕೆ ಬರೆದೆ. ಬಂದ ಉತ್ತರ: ‘ನಾನು ಭದ್ರತಾ ಸಂಶೋಧಕ. ಜನ ತಪ್ಪು ಹೆಸರು ಹಾಕ್ತಾರೆ ಅಂತ ತೋರಿಸೋದಕ್ಕೆ ಮಾಡಿದ್ದು. ಮೆಷಿನ್ ಹೆಸರು, ಯೂಸರ್ ಹೆಸರು ಬಿಟ್ಟು ಬೇರೇನೂ ತಗೊಳ್ಳಲ್ಲ.’ ಅವನದೇ ಕೋಡಿನ ಸಾಲನ್ನು ಕಳಿಸಿದೆ. ‘ಅದು ಹಳೇ ವರ್ಷನ್‌ನಿಂದ ಉಳಿದುಕೊಂಡದ್ದು, ಡೇಟಾ ಡಿಲೀಟ್ ಮಾಡಿದ್ದೀನಿ’ ಅಂದ. ಹಳೇ ವರ್ಷನ್! ಆ ಹೆಸರಲ್ಲಿ ಇದ್ದದ್ದೇ ಒಂದು ವರ್ಷನ್. ಡಿಲೀಟ್ ಮಾಡಿದ್ದಕ್ಕೆ ಏನು ಆಧಾರ ಅಂತ ಕೇಳಿದ್ದಕ್ಕೆ ಕೊನೇ ಉತ್ತರ: ‘ರೀಡ್‌ಮಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಓದದೆ ಇನ್‌ಸ್ಟಾಲ್ ಮಾಡಿದ್ದು ನಿಮ್ಮ ತಪ್ಪು.’ ಆಮೇಲೆ ಸುದ್ದಿಯೇ ಇಲ್ಲ.

ಆ ಕೊನೇ ಮಾತೇ ಮೈ ಉರಿಸೋದು. ಪಿಪ್ ಇನ್‌ಸ್ಟಾಲ್ ಮಾಡುವಾಗ ರೀಡ್‌ಮಿ ಎಲ್ಲೂ ಕಾಣಿಸಲ್ಲ. ಕಾಣಿಸೋ ಮೊದಲೇ ಕೋಡ್ ಓಡಿರುತ್ತೆ. ಇದು ಎಷ್ಟೋ ಅನುಭವಸ್ಥರಿಗೂ ಗೊತ್ತಿಲ್ಲ: ಸೋರ್ಸ್ ರೂಪದ ಪ್ಯಾಕೇಜ್ ಆದರೆ ‘ಪಿಪ್ ಡೌನ್‌ಲೋಡ್’ ಕೊಟ್ಟರೂ ಸೆಟಪ್ ಡಾಟ್ ಪೈ ಓಡುತ್ತೆ. ನಿಜವಾಗಿ ಇನ್‌ಸ್ಟಾಲ್ ಮಾಡದ ‘ಡ್ರೈ-ರನ್’ ಹಾಕಿದರೂ ಓಡುತ್ತೆ. ಇದು ಯಾವ ಪ್ಯಾಕೇಜ್, ಏನೇನು ಬೇಕು ಅಂತ ತಿಳಿಯೋದಕ್ಕೇ ಪಿಪ್ ಅದನ್ನು ಓಡಿಸಬೇಕು. ‘ಸುಮ್ನೆ ಇಳಿಸಿಕೊಂಡು ನೋಡೋಣ’ ಅನ್ನೋ ಜಾಗವೇ ಇಲ್ಲಿ ಇಲ್ಲ.

ಇದು ಹೊಸ ತಂತ್ರವೂ ಅಲ್ಲ. 2019ರಲ್ಲಿ ಪೈಪಿಐನಲ್ಲಿ ‘ಪೈಥಾನ್3-ಡೇಟ್‌ಯುಟಿಲ್’ ಅಂತ ಒಂದು ಬಂದಿತ್ತು. ಡೆಬಿಯನ್‌ನಲ್ಲಿ ಅದು ಅಪ್ಪಟ ಹೆಸರು. ಪೈಪಿಐನಲ್ಲಿ ಅಸಲಿ ಹೆಸರು ‘ಪೈಥಾನ್-ಡೇಟ್‌ಯುಟಿಲ್’, 3 ಇಲ್ಲ. ನಕಲಿಯದು ‘ಜೆಲ್ಲಿಫಿಶ್’ ಅನ್ನೋ ಇನ್ನೊಂದು ನಕಲಿಯನ್ನು ಒಳಗೆ ಎಳೆದುಕೊಳ್ತಿತ್ತು. ಅದರ ಹೆಸರಿನಲ್ಲಿ ಸಣ್ಣ ಎಲ್ ಇರಬೇಕಾದ ಕಡೆ ದೊಡ್ಡ ಐ. ಎಷ್ಟೋ ಫಾಂಟ್‌ಗಳಲ್ಲಿ ಎರಡೂ ಒಂದೇ ಗೆರೆ. ಅದು ಕದೀತಿದ್ದದ್ದು ಎಸ್‌ಎಸ್‌ಎಚ್ ಮತ್ತು ಜಿಪಿಜಿ ಕೀಗಳನ್ನು. ಆ ಎರಡನೆಯದು ಸಿಕ್ಕಿಬೀಳೋ ಹೊತ್ತಿಗೆ ಸುಮಾರು ಒಂದು ವರ್ಷದಿಂದ ಅಲ್ಲೇ ಇತ್ತು.

ಪೈಥಾನ್‌ನಲ್ಲಿ ಒಂದೇ ವಸ್ತುವಿಗೆ ಮೂರು ಹೆಸರು ಇರೋದೇ ಇದಕ್ಕೆಲ್ಲ ದಾರಿ. ಮೈಎಸ್‌ಕ್ಯೂಎಲ್ ಲೈಬ್ರರಿ ಆಪ್ಟ್‌ನಲ್ಲಿ ‘ಪೈಥಾನ್3-ಮೈಎಸ್‌ಕ್ಯೂಎಲ್‌ಡಿಬಿ’, ಪಿಪ್‌ನಲ್ಲಿ ‘ಮೈಎಸ್‌ಕ್ಯೂಎಲ್‌ಕ್ಲೈಂಟ್’, ಇಂಪೋರ್ಟ್ ಮಾಡುವಾಗ ‘ಮೈಎಸ್‌ಕ್ಯೂಎಲ್‌ಡಿಬಿ’. ಓಪನ್‌ಸಿವಿ ಆಪ್ಟ್‌ನಲ್ಲಿ ‘ಪೈಥಾನ್3-ಓಪನ್‌ಸಿವಿ’, ಪಿಪ್‌ನಲ್ಲಿ ಅದೇ ತಿರುಗಿ ‘ಓಪನ್‌ಸಿವಿ-ಪೈಥಾನ್’, ಇಂಪೋರ್ಟ್‌ಗೆ ‘ಸಿವಿ2’. ‘ಪಿಐಎಲ್’ ಇಂಪೋರ್ಟ್ ಮಾಡೋರಿಗೆ ಬೇಕಾದ್ದು ‘ಪಿಲ್ಲೋ’. ಈ ಮೂರರ ನಡುವೆ ಖಾಲಿ ಬಿದ್ದಿರೋ ಹೆಸರುಗಳಲ್ಲೇ ಇಂಥವರು ಹೋಗಿ ಕೂರೋದು. ಎಐ ಹತ್ತಿರ ಕೇಳಿ ಹೆಸರು ತಗೊಳ್ಳೋರು ಇನ್ನೂ ಹುಷಾರಾಗಿರಬೇಕು. ಇಲ್ಲದ ಪ್ಯಾಕೇಜ್ ಹೆಸರನ್ನು ಅದು ಇದೆ ಅಂತಲೇ ಹೇಳುತ್ತೆ, ಆ ಹೆಸರನ್ನು ಯಾರಾದರೂ ಹೋಗಿ ಬರೆಸಿಕೊಳ್ತಾರೆ.

ಪಿಪ್ ಮಾತ್ರ ಅಂದುಕೊಳ್ಳಬೇಡಿ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಎನ್‌ಪಿಎಂನಲ್ಲಿ 2017ರಲ್ಲಿ ‘ಕ್ರಾಸ್-ಎನ್ವ್’ ಬದಲು ನಡುವಿನ ಗೆರೆ ಇಲ್ಲದ ‘ಕ್ರಾಸ್‌ಎನ್ವ್’ ಹಾಕಿದವರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಹೀಗೇ ಹೋದವು. ಆರ್ಚ್ ಲಿನಕ್ಸ್ ಬಳಸೋರಿಗೆ: ‘ಯಾಯ್’ ಟೂಲ್‌ನಲ್ಲಿ ಹುಡುಕಿದಾಗ ಅಧಿಕೃತ ರೆಪೊ, ಬಳಕೆದಾರರೇ ಪ್ಯಾಕೇಜ್ ಹಾಕೋ ಎಯುಆರ್ ಎರಡೂ ಒಟ್ಟಿಗೇ ಬರ್ತವೆ, ಮುಂದೆ ‘ಎಯುಆರ್/’ ಅಂತ ಇದೆಯಾ ನೋಡಿ. 2025ರ ಜುಲೈನಲ್ಲಿ ‘ಲಿಬ್ರೆವುಲ್ಫ್-ಫಿಕ್ಸ್-ಬಿನ್’, ‘ಫೈರ್‌ಫಾಕ್ಸ್-ಪ್ಯಾಚ್-ಬಿನ್’ ಅಂತ ಒಳ್ಳೇ ಹೆಸರಿಟ್ಟು ಮಾಲ್‌ವೇರ್ ಹಾಕಿದ್ದರು. ‘ಸ್ನ್ಯಾಪ್ ಫೈಂಡ್’ನಲ್ಲಿ ಪಬ್ಲಿಷರ್ ಕಾಲಂ ಇದೆ, ಹೆಸರಿನ ಪಕ್ಕ ಟಿಕ್ ಇದೆಯಾ ನೋಡಿ, ಅದರಲ್ಲೂ ಕ್ರಿಪ್ಟೊ ವಾಲೆಟ್ ಅನ್ನು ಅಲ್ಲಿಂದ ಹಾಕಲೇಬೇಡಿ. ವಿಂಡೋಸ್‌ನ ‘ವಿನ್‌ಗೆಟ್’ನಲ್ಲಿ ಹೆಸರಿಂದಲ್ಲ, ಐಡಿ ಕೊಟ್ಟು, ‘ಎಕ್ಸಾಕ್ಟ್’ ಹಾಕಿ.

ಆಪ್ಟ್‌ನಲ್ಲೂ ಹೆಸರು ನಂಬೋ ಹಾಗಿಲ್ಲ, ಆದರೆ ಅಲ್ಲಿ ಆಗೋದು ಕಳ್ಳತನ ಅಲ್ಲ, ಗೊಂದಲ. ಉಬುಂಟುವಿನಲ್ಲಿ ‘ಡಾಕರ್’ ಅಂದರೆ ಬಹಳ ಕಾಲ ಡೆಸ್ಕ್‌ಟಾಪ್ ಟ್ರೇಯ ಒಂದು ಚಿಕ್ಕ ಪ್ರೋಗ್ರಾಂ. ಕಂಟೇನರ್ ಡಾಕರ್ ಬೇಕಾದರೆ ‘ಡಾಕರ್ ಡಾಟ್ ಐಒ’. ಹೊರಗಿನ ಪಿಪಿಎ (ಬೇರೆಯವರು ನಡೆಸೋ ರೆಪೊ) ಸೇರಿಸಿದ್ದರೆ ಮಾತ್ರ ‘ಆಪ್ಟ್-ಕ್ಯಾಶ್ ಪಾಲಿಸಿ’ ಕೊಟ್ಟು ಪ್ಯಾಕೇಜ್ ಯಾವ ರೆಪೊದಿಂದ ಬರ್ತಿದೆ ಅಂತ ನೋಡಿ.

ಪಿಪ್‌ಗೆ ಬಂದರೆ: ಹೆಸರನ್ನು ಆ ಲೈಬ್ರರಿಯ ಸ್ವಂತ ದಾಖಲೆಯಲ್ಲಿರೋ ಇನ್‌ಸ್ಟಾಲ್ ಸಾಲಿನಿಂದ ಮಾತ್ರ ತಗೊಳ್ಳಿ. ಅನುಮಾನ ಇದ್ದರೆ ‘ಪಿಪ್ ಇಂಡೆಕ್ಸ್ ವರ್ಷನ್ಸ್’ ಕೊಡಿ, ಏನೂ ಇನ್‌ಸ್ಟಾಲ್ ಆಗದೆ ವರ್ಷನ್ ಪಟ್ಟಿ ಬರುತ್ತೆ. ವರ್ಷಗಳಿಂದ ಇರೋ ಲೈಬ್ರರಿಗೆ ಒಂದೇ ವರ್ಷನ್ ಇದ್ದರೆ ಮುಟ್ಟಬೇಡಿ. ‘ಓನ್ಲಿ-ಬೈನರಿ’ ಆಪ್ಷನ್‌ಗೆ ‘ಆಲ್’ ಅಂತ, ಎರಡೂ ಕಡೆ ಕೋಲನ್ ಹಾಕಿ ಕೊಟ್ಟರೆ ಸೋರ್ಸ್ ಪ್ಯಾಕೇಜನ್ನು ಪಿಪ್ ತಗೊಳ್ಳೋದೇ ಇಲ್ಲ, ಇನ್‌ಸ್ಟಾಲ್ ಸಮಯದಲ್ಲಿ ಸೆಟಪ್ ಡಾಟ್ ಪೈ ಓಡಲ್ಲ. ವೀಲ್ ಒಳಗಿನ ಕೋಡ್ ಆಮೇಲೆ ಓಡಬಹುದು, ಅದಕ್ಕೆ ಇದು ಕಾವಲಲ್ಲ. ಆಪ್ಟ್‌ನಲ್ಲೇ ಇರೋ ಲೈಬ್ರರಿ ಸಾಕಾದರೆ ಆಪ್ಟ್‌ನಿಂದಲೇ ಹಾಕಿ. ವೆನ್ವ್ ಮಾಡುವಾಗ ‘ಸಿಸ್ಟಂ-ಸೈಟ್-ಪ್ಯಾಕೇಜಸ್’ ಕೊಟ್ಟರೆ ಅದು ಒಳಗೂ ಸಿಗುತ್ತೆ. ನನ್ನ ಕೆಲಸಕ್ಕೆ ಅಷ್ಟೇ ಸಾಕಿತ್ತು. ಕೀಗಳು ತುಂಬಿರೋ ಶೆಲ್‌ನಲ್ಲಿ ಯಾವ ಇನ್‌ಸ್ಟಾಲೂ ಬೇಡ.

ಈಗಾಗಲೇ ಹಾಕಿಬಿಟ್ಟಿದ್ದರೆ ‘ಪಿಪ್ ಅನ್‌ಇನ್‌ಸ್ಟಾಲ್’ ಮಾಡಿ ಕೂರಬೇಡಿ, ಹೋದದ್ದು ಹೋಗಿದೆ. ಬೇರೆ ಮೆಷಿನ್‌ನಿಂದ ಮೊದಲು ಕ್ಲೌಡ್ ಕೀ ಡಿಸೇಬಲ್ ಮಾಡಿ, ಆಮೇಲೆ ಗಿಟ್ ಟೋಕನ್, ಆಮೇಲೆ ಡೇಟಾಬೇಸ್ ಪಾಸ್‌ವರ್ಡ್. ಇನ್‌ಸ್ಟಾಲ್ ಆದ ನಿಮಿಷದಿಂದ ಈಚೆಗಿನ ಕ್ಲೌಡ್ ಲಾಗ್ ತೆಗೆದು, ಗೊತ್ತಿಲ್ಲದ ಐಪಿಯಿಂದ ಆ ಕೀ ಬಳಕೆ ಆಗಿದೆಯಾ ನೋಡಿ. ಪ್ಯಾಕೇಜ್ ಫೈಲಿನ ಒಂದು ಪ್ರತಿ ಎತ್ತಿಟ್ಟುಕೊಂಡು, ಪೈಪಿಐನ ಆ ಪ್ರಾಜೆಕ್ಟ್ ಪುಟದಲ್ಲಿ ಮಾಲ್‌ವೇರ್ ಅಂತ ವರದಿ ಮಾಡೋ ಬಟನ್ ಇದೆ, ಲಾಗಿನ್ ಆಗಿ ಒತ್ತಿ, ಯಾವ ಸಾಲು ಎಲ್ಲಿಗೆ ಏನು ಕಳಿಸುತ್ತೆ ಅಂತ ಬರೆಯಿರಿ. ನಾನು ವರದಿ ಮಾಡಿದ ಪ್ಯಾಕೇಜನ್ನು ತೆಗೆದುಹಾಕಿದರು. ಅದೇ ಮನುಷ್ಯ ಇನ್ನೊಂದು ಹೆಸರಲ್ಲಿ ಬರೋದಕ್ಕೆ ಒಂದು ಹೊಸ ಮೇಲ್ ಐಡಿ ಸಾಕು.